ನಾಲ್ಕು ನಿಂಬೆಹಣ್ಣು, ಒಂದು ಹಳೆ ಜೀಪು

ಜೀಪಿನ ಹಿಂದಿನ ಆಕ್ಸಲ್ ಮುರಿದದ್ದಕ್ಕೆ ನನಗೆ ಅಷ್ಟೇನೂ ಬೇಸರವಾಗಲಿಲ್ಲ. ರಾಮನಗರದ ಕಡೆ ಒಂದು ಕಲ್ಲುದಿಣ್ಣೆ ಹತ್ತುತ್ತಿದ್ದೆ, ಅಡಿಯಲ್ಲಿ ಲಟ್ಟನೆ ಶಬ್ದ ಬಂತು, ಗಾಡಿ ನಿಂತಿತು. ಹಳೆಯ ಕಬ್ಬಿಣ, ಮುರಿಯಿತು. ಹೊಟ್ಟೆ ಉರಿದದ್ದು ಆಮೇಲೆ. ಜೀಪನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಮಲ್ಲತ್ತಹಳ್ಳಿಯ ಮನೆಗೆ ಬಂದಾಗ, ಗೇಟಿನ ಬಳಿ ನಿಂತಿದ್ದ ಅಣ್ಣನ ಮುಖದಲ್ಲಿ ಖುಷಿ ಎದ್ದು ಕಾಣುತ್ತಿತ್ತು.

"ಸಾಕು ಇಳಿಯೇ ಇನ್ನ. ಈ ವಯಸ್ಸಲ್ಲಿ ಗುಡ್ಡ ಹತ್ತೋದೇನು ನಿಂಗೆ? ಗುಜರಿಗೆ ಹಾಕು ಇದನ್ನ," ಅಂದ.

ಅವನಿಗೂ ನನಗೂ ಒಂದೇ ಅಂಗಳ. ಅಪ್ಪನ ರಾಗಿ ಹೊಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ಕೆಳಗೆ ಅವನು, ಮೇಲೆ ನಾನು. ಅವನಿಗೆ ಬಾಡಿಗೆ ಮನೆಗಳಿವೆ, ನನಗೆ ಸುಂಕದಕಟ್ಟೆಯಲ್ಲಿ ಹಿಟ್ಟಿನ ಗಿರಣಿ ಇದೆ. ನಾನು ಮದುವೆಯಾಗಲಿಲ್ಲ, ಯಾಕೆ ಅಂತ ಕೇಳುತ್ತಿದ್ದವರೆಲ್ಲ ಈಗ ಸುಸ್ತಾಗಿ ಸುಮ್ಮನಾಗಿದ್ದಾರೆ. ಜೀಪು ಗಿರಣಿಯ ದುಡಿಮೆಯಲ್ಲಿ ಕೊಂಡದ್ದು, ನನ್ನ ಹೆಸರಿನಲ್ಲೇ ಇದೆ. ಭಾನುವಾರ ಮಧ್ಯಾಹ್ನ ಗಿರಣಿ ಮುಚ್ಚಿ ಗುಡ್ಡದ ಕಡೆ ಹೊರಟರೆ ಯಾರ ತಂಗಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ, ರಾಗಿ ನುಣ್ಣಗಾಗಿಲ್ಲ ಅಂತ ಯಾರ ಕೈಲೂ ಅನ್ನಿಸಿಕೊಳ್ಳಬೇಕಾಗಿಲ್ಲ. ಆ ಅರ್ಧ ದಿನವನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಅಣ್ಣನ ಕಷ್ಟ ಬೇರೆ. ಅವನು ಹೊಸ ಕಾರು ಕೊಂಡಿದ್ದ. ಅಂಗಳದ ಶೀಟಿನ ಕೆಳಗೆ ಒಂದೇ ಗಾಡಿಗೆ ಜಾಗ, ಅಲ್ಲಿ ನನ್ನ ಜೀಪು ಕೂತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಮಾತೇ ಆಯಿತು. ಕೊನೆಗೆ ಅಣ್ಣ, "ಆಯುಧಪೂಜೆ ದಿನ ನಾಲ್ಕು ಗಾಲಿಗೂ ನಿಂಬೆಹಣ್ಣು ಇಡ್ತೀವಲ್ಲ, ಅವನ್ನ ನಿನ್ನ ಗಾಡಿ ಸ್ವಂತ ಬಲದ ಮೇಲೆ ತುಳಿದ್ರೆ ಇಟ್ಕೋ. ಯಾರೂ ತಳ್ಳೋ ಹಾಗಿಲ್ಲ. ತುಳೀಲಿಲ್ಲ ಅಂದ್ರೆ ಮಾರನೇ ದಿನ ಗುಜರಿಯವನು ಬರ್ತಾನೆ," ಅಂದ. "ಆಯ್ತು," ಅಂದೆ. ನನಗೆ ಸಿಟ್ಟು ಬಂದಾಗ ಹೀಗೇ, ಉಳಿದದ್ದನ್ನು ಆಮೇಲೆ ಯೋಚಿಸುತ್ತೇನೆ.

ಗಿರಣಿಯ ಎದುರು ಸಾಲಿನ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದೆ. ಮುರಿದದ್ದನ್ನು ಮಾತ್ರ ಬದಲಿಸಿದರೆ ಮುಂದಿನ ದಿಣ್ಣೆಯಲ್ಲಿ ಅದೇ ಕತೆ. ಹಿಂದೆ ಮುಂದೆ ಎರಡೂ ಆಕ್ಸಲ್ ಕಿತ್ತು ದಪ್ಪನೆಯವನ್ನು ಹಾಕೋಣ ಅಂದೆ. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವ ಡಬ್ಬ ಒಂದಿರುತ್ತದೆ, ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಅದನ್ನೂ ಗಟ್ಟಿಯದಕ್ಕೆ ಬದಲಿಸುವುದು ಅಂತಾಯಿತು. ಗಿರಣಿಯ ಬೆಲ್ಟು, ಬೇರಿಂಗು ಬದಲಿಸಿ ಪಳಗಿದ ಕೈ ನನ್ನದು. ಸೀಮೆಎಣ್ಣೆಯಲ್ಲಿ ಗೇರು ತೊಳೆಯುವುದರಿಂದ ಹಿಡಿದು ಆಕ್ಸಲ್ಲಿನ ಭಾರದ ಹೊರಕವಚ ಎತ್ತಿ ಹಿಡಿಯುವವರೆಗೆ ಅವನ ಜೊತೆಗೇ ಇದ್ದೆ. ಅಣ್ಣ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು, "ಏನಮ್ಮ, ಇನ್ನೂ ಹೆರಿಗೆ ಆಗ್ಲಿಲ್ವಾ?" ಅಂತ ಕೇಳಿ ಹೋಗುತ್ತಿದ್ದ. ಅವನ ಕಾಫಿಗೆ ಗ್ರೀಸು ಬೆರೆಸುವಷ್ಟು ಕೋಪ ಬರುತ್ತಿತ್ತು.

ಹೊಸ ಡಬ್ಬ ಹಳೆಯದಕ್ಕಿಂತ ಉದ್ದವಿತ್ತು. ಹಾಗಾಗಿ ಅದರಿಂದ ಹಿಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಗಿಡ್ಡ ಮಾಡಿಸಬೇಕಾಯಿತು. ಲೇತಿನವನು ನಾಳೆ ನಾಳೆ ಅಂತ ಹೇಳುತ್ತಲೇ ಇದ್ದ. ಹಬ್ಬದ ಹಿಂದಿನ ಸಂಜೆ ನೋಡಿದರೆ ಲೇತು ತೊಳೆದು, ಹಾರ ಹಾಕಿ, ಬೀಗ ಜಡಿದು ಹೊರಟುಹೋಗಿದ್ದ. ನನ್ನ ಶಾಫ್ಟು ಒಳಗೇ ಉಳಿಯಿತು.

ಮೆಕ್ಯಾನಿಕ್ ನನಗೆ ಸಮಾಧಾನ ಹೇಳಿದ. "ಮುಂದಿನ ಶಾಫ್ಟ್ ಇದೆಯಲ್ಲ ಅಕ್ಕ. ಚಿಕ್ಕ ಲಿವರ್ ಎಳೆದು ಫೋರ್ ವೀಲ್‌ಗೆ ಹಾಕ್ಬಿಡಿ, ಮುಂದಿನ ಗಾಲಿನೇ ಎಳ್ಕೊಂಡು ಹೋಗುತ್ತೆ. ನಿಂಬೆಹಣ್ಣು ತುಳಿಯೋಕೆ ಅಷ್ಟು ಸಾಕು." ಅವನ ಶೆಡ್ಡಿನಲ್ಲೂ ಪೂಜೆಯ ತಯಾರಿಯಿತ್ತು. ಶಾಫ್ಟಿನ ಬಲವನ್ನು ಗಾಲಿಗಳಿಗೆ ತಿರುಗಿಸುವ ಗೇರುಗಳ ಗಡ್ಡೆಯನ್ನು ಮುಂದಿನ ಆಕ್ಸಲ್ಲಿನ ನಡುವೆ ಅವಸರದಲ್ಲಿ ಕೂರಿಸಿ, ಬೋಲ್ಟು ಬಿಗಿದು ಹೊರಟ. ಮುಂದೆ ಅಣ್ಣನ ಕಾರು ಅಡ್ಡ ನಿಂತಿದ್ದರಿಂದ ಓಡಿಸಿ ನೋಡಲು ಆಗಲಿಲ್ಲ.

ಬೆಳಗ್ಗೆ ಪೂಜೆ. ಸ್ಪ್ಯಾನರು, ಜ್ಯಾಕು, ಸುತ್ತಿಗೆ ಎಲ್ಲ ತೊಳೆದು ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚಿದೆ. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಹತಾರವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಕಡ್ಲೆಪುರಿಗೆಂದು ಬಾಡಿಗೆಯವರೆಲ್ಲ ಸೇರಿದ್ದರು. ಅಣ್ಣನ ಕಾರು ನಿಂಬೆಹಣ್ಣು ತುಳಿದು, ಹಾರ ಹೊತ್ತು, ಜಂಬದಿಂದ ರಸ್ತೆಗೆ ಹೋಗಿ ನಿಂತಿತು.

ನನ್ನ ಸರದಿ ಬಂತು. ಅತ್ತಿಗೆ ನಾಲ್ಕು ಗಾಲಿಗಳ ಮುಂದೆಯೂ ನಿಂಬೆಹಣ್ಣು ಇಟ್ಟರು. ಚಿಕ್ಕ ಲಿವರ್ ಎಳೆದೆ, ಮೊದಲನೇ ಗೇರು ಹಾಕಿದೆ, ಮೆಲ್ಲಗೆ ಕ್ಲಚ್ಚು ಬಿಟ್ಟೆ.

ಜೀಪು ಹಿಂದಕ್ಕೆ ಹೋಯಿತು.

ಹಿಂದೆ ಕಟ್ಟಿದ್ದ ಬಾಳೆಕಂದು ಬಗ್ಗಿತು, ಬಕೆಟ್ಟು ಉರುಳಿತು. ಗೇರು ತಪ್ಪಾಯಿತೇನೋ ಅಂತ ತೆಗೆದು ಮತ್ತೆ ಮೊದಲನೆಯದನ್ನೇ ಹಾಕಿದೆ. ಮತ್ತೆ ಹಿಂದಕ್ಕೆ. ಅಂಗಳವೆಲ್ಲ ಗೊಳ್ಳೆಂದಿತು. ಅವಮಾನಕ್ಕೆ ಕಿವಿ ಕಾದುಹೋಯಿತು. ಮೆಕ್ಯಾನಿಕ್ಕಿಗೆ ಫೋನು ಮಾಡಿದೆ.

"ಅಯ್ಯೋ ಅಕ್ಕ," ಅಂದ. "ಗೇರ್ ಗಡ್ಡೆ ತಲೆಕೆಳಗಾಗಿ ಕೂರಿಸ್ಬಿಟ್ಟಿದೀನಿ. ಹೇಗಿಟ್ರೂ ಬೋಲ್ಟ್ ಕೂತ್ಕೊಳುತ್ತೆ ಅದು. ಅದಕ್ಕೇ ಗಾಲಿ ಉಲ್ಟಾ ತಿರುಗ್ತಾ ಇದೆ."

"ಬಾ, ಬಿಚ್ಚೋಣ."

"ಸ್ಪ್ಯಾನರ್‌ಗೆ ಕುಂಕುಮ ಇಟ್ಟಾಯ್ತಲ್ಲ ಅಕ್ಕ, ಇವತ್ತು ಹೆಂಗ್ ಮುಟ್ಲಿ? ನಾಳೆ ಬೆಳಗ್ಗೇನೇ ಬರ್ತೀನಿ."

ನಾಳೆ ಬೆಳಗ್ಗೆ ಗುಜರಿಯವನೂ ಬರುತ್ತಾನೆ. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಣ್ಣ ಬಾಳೆ ಎಲೆಯ ಮೇಲಿನ ಸ್ಪ್ಯಾನರುಗಳತ್ತ ಕೈ ತೋರಿಸಿದ. "ಮುಟ್ಟು ನೋಡೋಣ. ದೇವ್ರಿಗಿಂತ ಜೀಪು ದೊಡ್ಡದಾ ನಿಂಗೆ? ಇಳಿಯೇ ಸಾಕು."

ಸ್ಪ್ಯಾನರನ್ನು ನೋಡಿದೆ, ನಿಂಬೆಹಣ್ಣನ್ನು ನೋಡಿದೆ. ಸ್ಪ್ಯಾನರು ಮುಟ್ಟುವಂತಿಲ್ಲ, ನಿಜ. ಆದರೆ ಗೇರು ಹಾಕಲು ಸ್ಪ್ಯಾನರು ಯಾಕೆ ಬೇಕು? ಮುಂದಕ್ಕೆ ಹೋಗುವ ಗೇರಿನಲ್ಲಿ ಹಿಂದಕ್ಕೆ ಹೋಗುವ ಗಾಡಿ, ಹಿಂದಕ್ಕೆ ಹೋಗುವ ಗೇರು ಹಾಕಿದರೆ ಎತ್ತ ಹೋಗಬೇಕು?

ರಿವರ್ಸ್ ಹಾಕಿದೆ. ಜೀಪು ಕುಂಯ್ಯೆನ್ನುತ್ತಾ ಮುಂದಕ್ಕೆ ಬಂತು. ಮುಂದಿನ ಎರಡು ನಿಂಬೆಹಣ್ಣು ಪಚಕ್ಕೆಂದವು, ಅವುಗಳ ಬೆನ್ನಿಗೇ ಹಿಂದಿನ ಎರಡು. ಯಾರೂ ನಗಲಿಲ್ಲ. ಬಾಡಿಗೆಯವರೊಬ್ಬರು ಚಪ್ಪಾಳೆ ತಟ್ಟಿ, ಓನರ್ ಮುಖ ನೋಡಿ ನಿಲ್ಲಿಸಿದರು.

"ರಿವರ್ಸಲ್ಲಿ ಮುಂದಕ್ಕೆ ಹೋದ್ರೆ ಲೆಕ್ಕಕ್ಕಿಲ್ಲ!" ಅಂತ ಅಣ್ಣ ಕೂಗಿದ.

"ಗೇರ್ ಯಾವ್ದು ಅಂತ ಮಾತಾಗಿರ್ಲಿಲ್ಲ ಅಣ್ಣ. ನೀನೇ ಸ್ವಂತ ಬಲ ಅಂದೆ, ನಾಲ್ಕು ನಿಂಬೆಹಣ್ಣು ಅಂದೆ. ನಾಲ್ಕೂ ತುಳಿದಿರೋದನ್ನ ಇಳಿದು ತೋರಿಸ್ಲಾ?"

ಅತ್ತಿಗೆ ಬೂದುಗುಂಬಳಕಾಯಿಯನ್ನು ಎತ್ತಿ ದಪ್ಪೆಂದು ಒಡೆದರು. "ತುಳೀತಲ್ಲ ರೀ, ಸುಮ್ನಿರಿ," ಅಂದರು. ಆ ಹೆಂಗಸಿಗೆ ನಾನು ಅಲ್ಲಿಯವರೆಗೆ ಸಲ್ಲಿಸದಿದ್ದ ಗೌರವವನ್ನೆಲ್ಲ ಆ ಕ್ಷಣ ಒಟ್ಟಿಗೇ ಸಲ್ಲಿಸಿದೆ.

ನಿಂಬೆಹಣ್ಣಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಗೇಟು ದಾಟಿ, ಅಣ್ಣನ ಕಾರಿನ ಪಕ್ಕದಲ್ಲಿ ಹಾದು, ರಿವರ್ಸ್ ಗೇರಿನಲ್ಲೇ ಕೆರೆಯ ತನಕ ಹೋಗಿ ಬಂದೆ. ಜೀಪು ದಾರಿಯುದ್ದಕ್ಕೂ ಕಿರುಚಿತು, ಹಿಂದಿದ್ದ ಆಟೋದವನು ಹಾರನ್ ಒತ್ತಿ ಒತ್ತಿ ಸೋತ. ನನಗೆ ಹಾಡು ಹೇಳುವಷ್ಟು ಸಂತೋಷವಾಗಿತ್ತು.

ವಾಪಸು ಬಂದಾಗ ಶೀಟಿನ ಕೆಳಗಿನ ಜಾಗದಲ್ಲಿ ಅಣ್ಣ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಜೀಪಿನ ಬೆನ್ನನ್ನು ಗೇಟಿನತ್ತ ತಿರುಗಿಸಿಕೊಂಡು ಮೊದಲನೇ ಗೇರು ಹಾಕಿದೆ. ಗಾಡಿ ಹಿಂದಹಿಂದಕ್ಕೆ ಅವನ ಕಡೆಗೇ ಸರಿಯಿತು.

"ಈಗಲಾದ್ರೂ ಇಳೀತೀಯೇನೇ?" ಅಂದ.

"ಇಲ್ಲ. ದಾರಿ ಬಿಡು ಅಣ್ಣ."

ಬಿಟ್ಟ.