ಮೇಸ್ತ್ರಿಯ ಮೂಗು

ಊರಿನ ಕೊಳಚೆಯೆಲ್ಲ ಹರಿದು ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಮೇಸ್ತ್ರಿಯ ಮೂಗಿಗೆ ದೊಡ್ಡ ಹೆಸರು. ಅಲ್ಲಿ ಮುಚ್ಚಿದ ತೊಟ್ಟಿಯೊಳಗೆ ಕೊಳೆತ ಕೆಸರು ಗ್ಯಾಸ್ ಬಿಡುತ್ತದೆ, ಆ ಗ್ಯಾಸಿನಿಂದ ಎಂಜಿನ್ ಓಡುತ್ತದೆ, ಎಂಜಿನ್ ಕೊಡುವ ಕರೆಂಟಿನಿಂದ ಪಂಪುಗಳು ತಿರುಗುತ್ತವೆ. ಪೈಪು ಕೂದಲೆಳೆಯಷ್ಟು ಸೋರಿದರೂ ಇಪ್ಪತ್ತಾರು ವರ್ಷಗಳಿಂದ ಮೊದಲು ಹಿಡಿದದ್ದು ಗ್ಯಾಸ್ ಸೋರಿಕೆ ತೋರಿಸುವ ಮೀಟರಲ್ಲ, ಈತನ ಮೂಗು. ಎಲ್ಲರೂ ಮೂಗು ಮುಚ್ಚಿಕೊಳ್ಳುವ ಜಾಗದಲ್ಲಿ ಮೂಗಿನಿಂದಲೇ ಮರ್ಯಾದೆ ಗಳಿಸಿದ ಪುಣ್ಯಾತ್ಮ!

ಆ ಮೂಗು ಸತ್ತು ಮೂರು ತಿಂಗಳಾಗಿತ್ತು. ಜ್ವರವೊಂದು ಬಂದದ್ದು, ಹೋಗುವಾಗ ವಾಸನೆಯನ್ನೂ ಜೊತೆಗೆ ಒಯ್ದಿತ್ತು. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

“ಹಾಲು ಸೀದು ಬೀದಿಗೆಲ್ಲ ವಾಸನೆ ಹೊಡೀತಿದೆ, ನೀವು ಅಡುಗೆಮನೇಲೇ ಪೇಪರ್ ಓದ್ತಾ ಕೂತಿದ್ದೀರಲ್ಲ! ಆಫೀಸಲ್ಲಿ ಹೇಳಿಬಿಡಿ.”

“ಹೇಳಿದ್ರೆ ಎಂಜಿನ್ ರೂಮಿಂದ ತೆಗೀತಾರೆ ಕಣೆ. ಮೀಟರಿದೆಯಲ್ಲ, ನಡೆಯುತ್ತೆ.”

ನಡೆಯಿತು ಕೂಡ. ಮೊದಲು ಮೀಟರನ್ನು ಕದ್ದು ನೋಡುವುದು, ಆಮೇಲೆ ಎಲ್ಲರೆದುರು ಮೂಗರಳಿಸುವ ನಾಟಕ.

ಒಂದು ಬೆಳಿಗ್ಗೆ ನೋಡಿದರೆ ಮೀಟರಿನ ಜಾಗ ಖಾಲಿ.

“ರಿಪೇರಿಗೆ ಕಳಿಸಿದ್ದೀನಿ,” ಎಂದರು ಸೂಪರ್‌ವೈಸರ್. “ನಿಮ್ಮ ಮೂಗಿರುವಾಗ ಅದ್ಯಾಕೆ ಬಿಡಿ.”

ಮೇಸ್ತ್ರಿ ಎಂಜಿನ್ ಕೋಣೆಗೆ ಒಬ್ಬನೇ ಹೋದ. ಗಾಜಿನಾಚೆಯ ಸ್ವಿಚ್ ಕೋಣೆಯಲ್ಲಿ, ಅವನನ್ನು ಅಣ್ಣ ಎಂದು ಕರೆಯುವ ಆಪರೇಟರ್ ಎಂಜಿನ್ ಶುರುಮಾಡುವ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಎರಡು ಮಕ್ಕಳ ತಾಯಿ. ಇವನು ಕೈ ಎತ್ತಿದರೆ ಅವಳು ಗುಂಡಿ ಒತ್ತಬೇಕು. ಗ್ಯಾಸ್ ಸೋರಿದ್ದರೆ ಒಂದು ಕಿಡಿ ಸಾಕು, ಗಾಜೂ ಉಳಿಯದು, ಅವಳೂ ಉಳಿಯಳು.

ಉಸಿರೆಳೆದ. ಏನೂ ಇಲ್ಲ. ಮತ್ತೆ ಎಳೆದ. ನೀರು ಕುಡಿದಂತೆ, ಸಪ್ಪೆ. ದಿನವೂ ಏನೂ ಆಗುವುದಿಲ್ಲ, ಇವತ್ತೇ ಆಗುತ್ತದೆಯೇ? ಕೈ ಅರ್ಧ ಎದ್ದಿತು.

ಕೈ ಇಳಿಸಿ ಬಾಗಿಲಿಗೆ ಓಡಿಬಂದ.

“ಒತ್ತಬೇಡ ತಂಗಿ!”

“ಯಾಕಣ್ಣ, ವಾಸನೆ ಬರ್ತಿದೆಯಾ?”

“ಇಲ್ಲಮ್ಮ. ಬರೋದೂ ಇಲ್ಲ. ಮೂರು ತಿಂಗಳಿಂದ ನನಗೆ ಯಾವ ವಾಸನೇನೂ ಬರ್ತಿಲ್ಲ.”

ಅವಳು ಎದ್ದು ಬಂದು ಬಾಗಿಲ ಬಳಿ ಒಮ್ಮೆ ಮೂಸಿದಳು. ಮುಖ ಬಿಳಿಚಿಕೊಂಡಿತು.

“ಅಯ್ಯೋ ಅಣ್ಣ, ಕೊಳೆತ ಮೊಟ್ಟೆ ನಾತ! ಇಷ್ಟು ಹೊತ್ತು ಇದರಲ್ಲೇ ನಿಂತಿದ್ರಾ?” ಎನ್ನುತ್ತ ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು.

ಸಂಜೆ ಹೆಂಡತಿ ಮುಖ ನೋಡಿಯೇ ಕೇಳಿದಳು, “ತೆಗೆದ್ರಾ?”

“ತೆಗೆದ್ರು. ಗೇಟ್ ಕಾಯೋಕೆ ಹಾಕಿದ್ದಾರೆ.”

“ಆ ಹೆಣ್ಣುಮಗಳು?”

“ಮನೆ ಸೇರಿದ್ದಾಳೆ. ಎರಡು ಸಲ ಫೋನ್ ಮಾಡಿ ಕೇಳಿದೆ.”