ತಿಪ್ಪೆಯ ಹೆಸರು, ಚಿಟ್ಟೆಯ ಹೆಸರು

ನನಗಿಂತ ಮುಂಚೆ ಹುಟ್ಟಿದ ಇಬ್ಬರಿಗೂ ಅಪ್ಪ ಚಿಟ್ಟೆಗಳ ಹೆಸರಿಟ್ಟಿದ್ದರು. ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅವರಿಗೆ ಚಿಟ್ಟೆಯೆಂದರೆ ಹುಚ್ಚು. ಬೇಲಿಯ ಬುಡದಲ್ಲಿ ತಗ್ಗಾಗಿ ಹಾರುವ ಪುಟ್ಟ ಬಿಳಿ ಚಿಟ್ಟೆಗೆ ಶಾಸ್ತ್ರದಲ್ಲಿ ನೀನಾ ಎಂಬ ಹೆಸರಿದೆ. ಅದು ಅಕ್ಕನಿಗಾಯಿತು. ಚಿಟ್ಟೆಗಳ ಇನ್ನೊಂದು ಕುಲಕ್ಕೆ ಯಾರೋ ಬಿಳಿಯ ದೊರೆ ಸುರೇಂದ್ರ ಎಂದು ನಮ್ಮವರ ಹೆಸರನ್ನೇ ಇಟ್ಟಿದ್ದನಂತೆ. ಅದು ಅಣ್ಣನಿಗೆ. ಜ್ವರ ಬಂದು ಇಬ್ಬರೂ ತೊಟ್ಟಿಲು ದಾಟಲಿಲ್ಲ.

ಅಜ್ಜಿ ಮಗನನ್ನೇ ಬೈದಳು. "ಆರ್ಕೊಂಡೋಗೋ ಉಳದ ಎಸ್ರು ಮಡುಗ್ಬುಟ್ಟು, ಕೂಸು ನಿಲ್ಲಲಿ ಅಂದ್ರೆ ಎಂಗ್ ನಿಂತದ್ಲಾ?"



ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯಾಕೆ ಎತ್ತಿಕೊಂಡಳು. ಅವಳಿಗೊಂದಿಷ್ಟು ತೌಡು ಕೊಟ್ಟು ಮನೆಯವರು ನನ್ನನ್ನು ಮರಳಿ ಕೊಂಡುಕೊಂಡರು. ಯಾರಿಗೂ ಬೇಡದ ಕೂಸೆಂದು ಸಾವು ತಿರುಗಿ ನೋಡದಿರಲಿ ಅಂತ. ಹೆಸರೂ ಆ ತಿಪ್ಪೆಯದೇ. ಬದುಕಿದೆ. ಬದುಕಿದ ಮೇಲೆ ಹೆಸರನ್ನೂ ಹೊರಬೇಕಲ್ಲ. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನೇನು ಸುಮ್ಮನಿರುವವಳಲ್ಲ, ಜಡೆ ಹಿಡಿದು ಎಳೆಯುತ್ತಿದ್ದೆ. ಮನೆಗೆ ಬಂದು ಅಳುತ್ತಿದ್ದೆ.

ಅಪ್ಪ ಮಾತ್ರ ಆ ಹೆಸರು ಹಿಡಿದು ಎಂದೂ ಕರೆಯಲಿಲ್ಲ. 'ಮಗಾ' ಎನ್ನುತ್ತಿದ್ದರು. ಒಮ್ಮೆ ಅರಕಲಗೂಡಿನ ಕಡೆ ಕಾಡಂಚಿನಲ್ಲಿ ಒಂದು ಚಿಟ್ಟೆ ತೋರಿಸಿದರು. ರೆಕ್ಕೆ ಮಡಚಿದರೆ ತರಗೆಲೆ, ಬಿಚ್ಚಿದರೆ ನೇರಳೆ. ಅದರ ಹೆಸರು ಅನಿತಾ.

"ಹಾಸನದ ಹೈಸ್ಕೂಲಿಗೆ ಸೇರಿಸುವಾಗ ನಿನಗೆ ಇದನ್ನೇ ಬರೆಸೋಣ," ಎಂದರು. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ಬೇಡವೆನ್ನುವವರು ಯಾರೂ ಇರಲಿಲ್ಲ.

ಆಗ ಯುದ್ಧಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ದಾರಿಯುದ್ದಕ್ಕೂ ಆ ಹೊಸ ಹೆಸರನ್ನು ಬಾಯೊಳಗೇ ಚಪ್ಪರಿಸಿದೆ.

ಹೆಡ್ಮಾಸ್ಟರು ಪೆನ್ನು ಹಿಡಿದು, "ಮಗಳ ಹೆಸರು ಹೇಳಿ ಮೇಷ್ಟ್ರೇ," ಎಂದರು. ಅಪ್ಪ ನನ್ನ ಕಡೆ ನೋಡಿದರು. ಕೊನೆಗೆ ಹೇಳಿದ್ದು ತಿಪ್ಪೆಯ ಹೆಸರನ್ನೇ. ಅವರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಹೊರಗೆ ಬಂದಾಗ ನನಗೆ ಕೋಪ ನೆತ್ತಿಗೇರಿತ್ತು. ವಿಜ್ಞಾನ ಕಲಿಸುವವರು ನೀವೂ ಅಜ್ಜಿಯ ಮಾತು ನಂಬುತ್ತೀರಾ ಎಂದು ಕೇಳಿಯೇಬಿಟ್ಟೆ.

"ನಂಬಲ್ಲ ಮಗಾ," ಎಂದರು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದರು. "ಮನೇಲಿ ಮೂರು ಹೆಸರಿಟ್ವಿ. ಕೂಗಿದ್ರೆ ಓಗೊಡೋದು ಇದೊಂದೇ."

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆ. ಆದರೂ ಅವರು ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು. ಕೋಪವಿನ್ನೂ ಇಳಿದಿರಲಿಲ್ಲ, ಆದರೂ ಓ ಎಂದೆ.