ಕಾರ್ಡಿಯಾಲಜಿಸ್ಟ್ ನೀಲಕಂಠಪ್ಪ

"ಒಂದು ಚುಕ್ಕಿ ಇಲ್ಲ ನೋಡು ತಂಗಿ. ಶ್ರಾವಣದಾಗ ಶಿರಗುಪ್ಪಿ ಹೊಲ ನೋಡಿಧಂಗ ಐತಿ" ಎಂದು ನೀಲಕಂಠಪ್ಪ ಅಭಿಮಾನದಿಂದ ಕಂಪ್ಯೂಟರಿನ ಪರದೆಯತ್ತ ಕೈ ಮಾಡಿದ. ಅಂಗಡಿಯಲ್ಲಿದ್ದ ಉಳಿದಿಬ್ಬರಿಗೆ ಅಲ್ಲಿ ಕಂಡದ್ದು ಹಸಿರು ಹುಲ್ಲುಗಾವಲಿನ ತುಂಬ ಸಿಡಿದ ಕೆಂಪು ಚುಕ್ಕೆಗಳು.

ಧಾರವಾಡದಿಂದ ಗ್ರಾಫಿಕ್ಸ್ ಕಾರ್ಡನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ ಹಳೆಯ ಗಿರಾಕಿ ಋತುಜಾ ಕಣ್ಣರಳಿಸಿದಳು.

"ಚೇಷ್ಟಿ ಮಾಡಬ್ಯಾಡ್ರಿ ಕಾಕಾ. ಹುಲ್ಲಿನ ಮ್ಯಾಲೆ ಕುಂಕುಮ ಚೆಲ್ಲಿಧಂಗ ಆಗ್ಯದಲ್ರಿ!"

"ಎಲ್ಲಿ?"

"ನಿಮ್ಮ ಮೂಗಿನ ಮುಂದ!" ಎಂದ, ಯುಪಿಎಸ್ ಬ್ಯಾಟರಿಗೆ ಕಾದು ನಿಂತಿದ್ದ ಗೌಸಮೊದ್ದೀನ. "ಡಾಕ್ಟರ ಕಣ್ಣಿಗೇ ಚಾಳೀಸ ಬೇಕಾತಲ್ರೆಪಾ!"

ಇಬ್ಬರೂ ನಕ್ಕರು. ನೀಲಕಂಠಪ್ಪನೂ ನಕ್ಕ, ಆದರೆ ಅವರು ನಕ್ಕು ಮುಗಿಸಿದ ಮೇಲೆ.

ಡಾಕ್ಟರ್ ಎಂಬ ಪದವಿ ಸುಮ್ಮನೆ ಬಂದದ್ದಲ್ಲ. ಹುಬ್ಬಳ್ಳಿಯ ಆ ಓಣಿಯಲ್ಲಿ ಸ್ಟೆಬಿಲೈಸರ್ ರಿಪೇರಿಯಿಂದ ಶುರುಮಾಡಿ ಕಂಪ್ಯೂಟರಿಗೆ ಬಂದವನು ಅವನು. ಕಾರ್ಡುಗಳ ನಾಡಿ ಹಿಡಿಯುತ್ತಾನೆಂದು ಗೇಮ್ ಆಡುವ ಹುಡುಗರು ಅವನನ್ನು 'ಕಾರ್ಡಿಯಾಲಜಿಸ್ಟ್' ಎಂದೇ ಕರೆಯುತ್ತಿದ್ದರು. ಚಿಕಿತ್ಸೆ ಸರಳ. ಕಾರ್ಖಾನೆ ಗೊತ್ತುಮಾಡಿದ ವೇಗಕ್ಕಿಂತ ಕಾರ್ಡನ್ನು ತುಸು ಜೋರಾಗಿ ಓಡಿಸುವುದು, ಮತ್ತೆ ತುಸು, ಮತ್ತೂ ತುಸು. ಓವರ್‌ಕ್ಲಾಕಿಂಗ್ ಎಂದು ಅದರ ಹೆಸರು. ಕಾರ್ಡು ಬಿಸಿಯಾಗುತ್ತದೆ, ಅದರ ಜೊತೆ ಡಾಕ್ಟರನೂ ಬಿಝಿಯಾಗುತ್ತಾನೆ. ಯಾವ ವೇಗದಲ್ಲಿ ಚಿತ್ರದ ಮೇಲೆ ಚುಕ್ಕೆಗಳು ಏಳುತ್ತವೋ ಅದರ ಒಂದು ಮೆಟ್ಟಿಲು ಕೆಳಗೆ ಆ ಕಾರ್ಡಿನ ತಾಕತ್ತು. ಇವನು ಗೊತ್ತುಮಾಡಿದ ವೇಗದಲ್ಲಿ ಓಡಿದ ಕಾರ್ಡು ಒಂದೂ ಸುಟ್ಟಿಲ್ಲ ಎಂಬ ಮಾತು ಧಾರವಾಡದ ಹತ್ತಿರದ ಸತ್ತೂರಿನ ಹಾಸ್ಟೆಲ್ಲುಗಳ ತನಕ ಮುಟ್ಟಿತ್ತು.

ಮುಟ್ಟದೇ ಉಳಿದ ಸುದ್ದಿ ಒಂದಿತ್ತು: ಡಾಕ್ಟರಿಗೆ ಕೆಂಪು-ಹಸಿರಿನ ಫರಕು ಹುಟ್ಟಿನಿಂದಲೇ ತಿಳಿಯುತ್ತಿರಲಿಲ್ಲ. ಹೆಸರಿಗೆ ತಕ್ಕಂತೆ ನೀಲಿಯೊಂದು ಖಚಿತ, ಮಿಕ್ಕದ್ದೆಲ್ಲ ರಾಡಿ.

ಅದು ಹೆಂಡತಿ ರಾಜೇಶ್ವರಿಗೆ ಮಾತ್ರ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಕೆಂಪು ಇಳಕಲ್ಲ ಸೀರೆ ಕೇಳಿದವಳಿಗೆ ಅವನು ಜಂಬದಿಂದ ಹಸಿರು ತಂದುಕೊಟ್ಟಿದ್ದ. ಅವಳು ಉಟ್ಟುಕೊಂಡು, "ಕೆಂಪು ಛಲೋ ಒಪ್ಪತೈತಿ ಅಲ್ರಿ ನನಗ?" ಎಂದು ಕೇಳಿ, ಅವನು ಹೂಂ ಎಂದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಯಾರಿಗೂ ಹೇಳಲಿಲ್ಲ. ಅಂಗಡಿಗೆ ಕಾರ್ಡು ಬರತೊಡಗಿದಾಗ ಪರದೆಯ ಎದುರಿಗೆ ತಾನೇ ಒಂದು ಕುರ್ಚಿ ಹಾಕಿಕೊಂಡಳು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತವಳು ನಡುವೆ ತಲೆಯೆತ್ತಿ "ಬಂತು" ಎನ್ನುವಳು. ಅವನು ವೇಗ ಇಳಿಸುವನು. ಒಂದೊಂದು ಕಾರ್ಡಿಗೆ ಮೂರು ಮೂರು ಫ್ಯಾನು. ನೀಲಕಂಠಪ್ಪನಿಗಿದ್ದ ಫ್ಯಾನು ಅವಳೊಬ್ಬಳೇ.

ಹೋದ ವರ್ಷ ಅವಳಿಗೆ ಏದುಸಿರು ಶುರುವಾಯಿತು. ವಯಸ್ಸು ಎಂದಳು, ಅವನು ನಂಬಿದ. ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು, ಖರೇ ಡಾಕ್ಟರು, ಅವಳ ಕಣ್ಣ ಕೆಳಗಿನ ರೆಪ್ಪೆ ಜಗ್ಗಿ ನೋಡಿ ಇವನತ್ತ ತಿರುಗಿದರು. "ಮೈಯಾಗ ರಕ್ತನs ಇಲ್ಲ. ತುಟಿ, ಉಗುರು ಎಲ್ಲಾ ಸುಣ್ಣದಂಗ ಬೆಳ್ಳಗಾಗ್ಯಾವ. ಮನ್ಯಾಗ ಯಾರೂ ನೋಡ್ಲಿಲ್ಲೇನ್ರಿ?"

ನೀಲಕಂಠಪ್ಪ ದಿನಾ ನೋಡಿದ್ದ. ಕೆಂಪು ಇದ್ದಾಗಲೂ ಕಂಡಿರಲಿಲ್ಲ, ಹೋದಾಗಲೂ ಕಾಣಲಿಲ್ಲ.

"ಅವರು ನೋಡಿದ್ರು ರೀ" ಎಂದಳು ಹಾಸಿಗೆಯಲ್ಲಿದ್ದ ರಾಜೇಶ್ವರಿ. "ದವಾಖಾನಿಗೆ ನಡಿ ಅಂತ ಬೆನ್ನ ಹತ್ತಿದ್ರು. ನಾನs ಒಲ್ಲೆ ಅಂದೆ."

ಅವನ ಗುಟ್ಟಿಗಾಗಿ ಅವಳು ಆಡಿದ ಕಡೆಯ ಸುಳ್ಳು ಅದು. ಮುಂದಿನ ಅಮಾವಾಸ್ಯೆ ನೋಡಲು ಅವಳು ಉಳಿಯಲಿಲ್ಲ.

ಗೌಸಮೊದ್ದೀನ ಬ್ಯಾಟರಿ ಹೊತ್ತುಕೊಂಡು ಹೋದ. ಅಂಗಡಿಯಲ್ಲಿ ಇಬ್ಬರೇ ಉಳಿದರು. ರಾಜೇಶ್ವರಿ ಹೋದ ಮೇಲೆ ನೀಲಕಂಠಪ್ಪ ಕೈಗೆತ್ತಿಕೊಂಡ ಮೊದಲ ಕಾರ್ಡು ಇದು. ಕೇಬಲ್ ಸಡಿಲಾಗಿತ್ತು ಎಂದುಬಿಟ್ಟರೆ ಹುಡುಗಿ ನಂಬುತ್ತಿದ್ದಳು. ನಿಜ ಹೇಳಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಅಂಗಡಿಗೆ ಬಾಗಿಲು, ರಾಜೇಶ್ವರಿ ಅಷ್ಟು ವರ್ಷ ಕಾಯ್ದ ಮರ್ಯಾದೆಗೂ ಬಾಗಿಲು.

"ನಾಡದು ಟೂರ್ನಮೆಂಟ್ ಅದ ಕಾಕಾ" ಎಂದಳು ಋತುಜಾ. "ನೀವು ಹೇಳಿದ ಸ್ಪೀಡಿಗೇ ಆಡಾಕಿ ನಾನು. ನಡುವ ಬಂದ್ ಬಿದ್ದ್ರ ನಮ್ಮ ಟೀಮೇ ಔಟ್."

ನೀಲಕಂಠಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ.

"ತಂಗಿ, ನನಗ ಕೆಂಪು ಕಾಣೂದಿಲ್ಲ." ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. "ಚುಕ್ಕಿ ನಿಮ್ಮ ಕಾಕು ನೋಡ್ತಿದ್ಲು."

ಹುಡುಗಿ ನಗಲಿಲ್ಲ. "ತಪ್ಪು ಹಿಡಿಯೂ ಸಾಫ್ಟ್‌ವೇರ್ ಅದಾವಲ್ರಿ ಕಾಕಾ?"

"ಗೊತ್ತೈತಿ. ಅದನ್ನ ಹಾಕಿದ್ರ ಆಕಿ ಅಂಗಡಿಗೆ ಯಾಕ ಬರ್ತಿದ್ಲು?"

ಋತುಜಾ ಪರದೆಯ ಎದುರಿನ ರಾಜೇಶ್ವರಿಯ ಕುರ್ಚಿಯ ಮೇಲಿದ್ದ ಡಬ್ಬಿಗಳನ್ನು ಕೆಳಗಿಟ್ಟು, "ಇಲ್ಲಿ ಕೂಡ್ಲೇನ್ರಿ?" ಎಂದಳು. ಅವನು ಮೌಸ್ ಹಿಡಿದು ಮೊದಲಿನಿಂದ ಶುರುಮಾಡಿದ. ವೇಗ ಏರಿತು, ಹುಲ್ಲು ಗಾಳಿಗೆ ಬಾಗಿತು, ಕಾರ್ಡು ಗುಂಯ್‌ಗುಟ್ಟಿತು.

"ಬಂದ್ವು ಕಾಕಾ! ಎಡಕ್ಕ, ಗಿಡದ ಬುಡಕ್ಕ!"

ಅವನು ತಟ್ಟನೆ ಇಳಿಸಿದ. ಕಣ್ಣೊರೆಸಿಕೊಳ್ಳಲು ಧೂಳಿನ ನೆಪ ಹೇಳಬೇಕೆಂದರೆ ಅಂಗಡಿಯಲ್ಲಿ ಧೂಳಿಗೇನೂ ಬರವಿರಲಿಲ್ಲ. ಋತುಜಾ ಬೇರೆ ಕಡೆ ನೋಡಿದಳು. ಕಾರ್ಡನ್ನು ಡಬ್ಬಿಗೆ ಹಾಕಿ, ಹೊಸ್ತಿಲ ತನಕ ಹೋಗಿ, ತಡೆಯಲಾರದೆ ತಿರುಗಿದಳು.

"ಕಣ್ಣು ಮಿಟುಕಿಸದಂಗ ನೋಡಿದ್ರೂ ನನಗ ಕಡೀಕ ಕಂಡ್ವು ಕಾಕಾ. ಕಾಕು ಅಕ್ಕಿ ಹಸನು ಮಾಡ್ಕೋತ ಅಷ್ಟು ಬರೋಬ್ಬರಿ ಹೆಂಗ ಹೇಳ್ತಿದ್ರು ರೀ?"

"ಎಲ್ಲೀ ಬರೋಬ್ಬರಿ?" ಎಂದ ನೀಲಕಂಠಪ್ಪ, ಮೂಗು ಒರೆಸಿಕೊಳ್ಳುತ್ತ. "ರೊಟ್ಟಿ ಬಡಿಯೂ ಹೊತ್ತಾತಂದ್ರ 'ಬಂತು' ಅಂತಿದ್ಲು."